ಭಾನುವಾರದ ಓದು: ಓವನ್‌ನ ಬದುಕು ಬರೆದವರು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಮೊದಲ ಮಹಾಯುದ್ಧದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವನ್‌ಗಿಂತ ಜಾಸ್ತಿ, ಅವನ ಜೀವನಚರಿತ್ರೆ ಬರೆದ ಜಾನ್ ಸ್ಟಾಲ್‌ವರ್ದಿ ಬಗ್ಗೆ ಮಾತಾಡೋಣ. ಇವರೂ ಕವಿಯೇ, ಆಕ್ಸ್‌ಫರ್ಡ್‌ನಲ್ಲಿ ಮೇಷ್ಟ್ರಾಗಿದ್ದರು. ಪುಸ್ತಕ ಬಂದಿದ್ದು 1974ರಲ್ಲಿ. ಆಮೇಲೂ ಸುಮ್ನೆ ಕೂರಲಿಲ್ಲ, ಓವನ್‌ನ ಹಸ್ತಪ್ರತಿಗಳ ಹಾಳೆಗಳಲ್ಲಿನ ವಾಟರ್‌ಮಾರ್ಕ್ (ಬೆಳಕಿಗೆ ಹಿಡಿದರೆ ಕಾಣುವ ಕಾಗದದ ಗುರುತು) ಕೂಡ ನೋಡಿ ಯಾವ ಕರಡು ಯಾವಾಗಿನದು ಅಂತ ಲೆಕ್ಕ ಹಾಕಿ, 1983ರಲ್ಲಿ ಕವಿತೆಗಳನ್ನೆಲ್ಲ ಎರಡು ಸಂಪುಟ ಮಾಡಿ ತಂದರು. ಇಷ್ಟು ತಾಳ್ಮೆ ನನಗಂತೂ ಇಲ್ಲ ಬಿಡಿ!

ಓವನ್ ಸತ್ತದ್ದು 1918ರ ನವೆಂಬರ್ 4ರಂದು, ಬರೀ 25 ವರ್ಷ. ಸಾವಿನ ಟೆಲಿಗ್ರಾಂ ಮನೆಗೆ ಬಂದದ್ದು ನವೆಂಬರ್ 11ರಂದು, ಯುದ್ಧ ಮುಗಿಯಿತು ಅಂತ ಊರಲ್ಲಿ ಗಂಟೆ ಬಾರಿಸುತ್ತಿದ್ದ ದಿನವೇ. ಅವನ ತಾಯಿ 1920ರಲ್ಲಿ ನಮ್ಮ ಟ್ಯಾಗೋರರಿಗೆ ಬರೆದ ಕಾಗದದ ವಿಷಯವೂ ಇದೆ, ಅದನ್ನು ಭಾನುವಾರವೇ ಹೇಳುತ್ತೇನೆ. ಓವನ್‌ನ ಒಂದಾದರೂ ಕವಿತೆ ಓದಿಕೊಂಡು ಬನ್ನಿ.