ಬುಧವಾರದ ಗೆಳತಿಯರಿಗೆ, ಒಂದು ವರ್ಷ ತಡವಾಗಿ

ಮೊನ್ನೆ ನಮ್ಮ ಮೊಮ್ಮಗಳಿಗೆ ಒಂದು ವರ್ಷ ತುಂಬಿತು. ಆರತಿ ಮಾಡಿ, ಸಜ್ಜಕ ಮಾಡಿ, ಬಂದವರಿಗೆಲ್ಲ ಊಟ ಹಾಕಿದ್ದಾಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳ ಕೌದಿ, ಅಂದರೆ ಹಳೆ ಬಟ್ಟೆ ಜೋಡಿಸಿ ಹೊಲಿದ ಹಾಸು, ಮಡಚುತ್ತಾ ಕುಳಿತಿದ್ದೆ. ನನ್ನ ಹೊಲಿಗೆಯ ಗೆಳತಿಯರಿಗೆ ನಾನು ಇನ್ನೂ ಬಾಯಿಬಿಟ್ಟು ಧನ್ಯವಾದದ ಒಂದು ಮಾತೂ ಹೇಳಿಲ್ಲ ಅಂತ ಆಗ ನೆನಪಾಯಿತು. ಎದುರಿಗೆ ಹೇಳಲು ಹೋದರೆ "ಸಾಕು ಸುಮ್ನಿರವಾ, ನಾವೇನು ಹೊರಗಿನವರಾ?" ಅಂತ ಬಾಯಿ ಮುಚ್ಚಿಸಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇದು ನಾಲ್ಕು ಜನರ ಮುಂದೆ ಹೇಳಬೇಕಾದ ಮಾತು.

ನಾವು ಏಳು ಜನ, ಎಲ್ಲರೂ ಧಾರವಾಡದಲ್ಲೇ ಇರುವವರು. ಬುಧವಾರ ಮಧ್ಯಾಹ್ನ ಊಟ ಮುಗಿಸಿ ಮಾಳಮಡ್ಡಿಯ ವೈನಿಯ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಶುರುವಾಗಿದ್ದು 2019ರ ಆಗಸ್ಟ್‌ನಲ್ಲಿ. ಆ ವರ್ಷ ಮಲಪ್ರಭೆ ಉಕ್ಕಿ ರಾಮದುರ್ಗ, ಕೊಣ್ಣೂರಿನ ಕಡೆ ಮನೆಗಳೆಲ್ಲ ನೀರಲ್ಲಿ ನಿಂತಿದ್ದು ನಿಮಗೂ ನೆನಪಿರಬಹುದು. ಎಲ್ಲರೂ ಬಟ್ಟೆ ಕೊಟ್ಟರು. ಚೆನ್ನಾಗಿದ್ದವು ಹೋದವು, ಹರಿದ ಸೀರೆ, ಸವೆದ ಧೋತರಗಳು ಉಳಿದವು. ಹರಿದದ್ದನ್ನು ಸಂತ್ರಸ್ತರಿಗೆ ಹೇಗೆ ಕೊಡುವುದು? ನಮ್ಮ ಓಣಿಯ ದೊಡ್ಡವ್ವ ಆ ರಾಶಿ ನೋಡಿ, "ಇದರಾಗ ಹತ್ತು ಕೌದಿ ಆಗ್ತಾವು" ಅಂದರು. ಅವರದು ಗೊಂದಲಿಗರ ಮನೆತನ. ಮನೆಮನೆಗೆ ಹೋಗಿ ಕೌದಿ ಹೊಲಿದುಕೊಟ್ಟು ಸಂಸಾರ ನಡೆಸಿದವರು. ನಮಗೆಲ್ಲ ಸೂಜಿ ಹಿಡಿಯಲು ಕಲಿಸಿದ್ದು ಅವರೇ. ಹತ್ತಲ್ಲ, ಹದಿನಾಲ್ಕು ಆದವು. ಕೌದಿ ಹೋದರೂ ಬುಧವಾರ ಉಳಿಯಿತು.

ಕೌದಿ ಗೊತ್ತಿಲ್ಲದವರಿಗೆ ಎರಡು ಮಾತು. ಕೆಳಗೆ ಇಡೀ ಸೀರೆಯ ಅಸ್ತರ, ನಡುವೆ ಹಳೆ ಬಟ್ಟೆಯ ಪದರಗಳು, ಮೇಲೆ ಬಣ್ಣಬಣ್ಣದ ತುಂಡುಗಳು. ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಗಾಳಿಗೆ ಸರಿಯದಂತೆ ಮೂಲೆಗಳಿಗೆ ಕಲ್ಲು ಇಡಬೇಕು. ಆಮೇಲೆ ಅಂಚಿನಿಂದ ಹೊಲಿಯುತ್ತಾ ಒಳಗೆ ಬರಬೇಕು, ಬೆರಳಗಲ ಬಿಟ್ಟು ಒಂದೊಂದೇ ಸಾಲು. ನಾಲ್ಕೂ ಕಡೆ ಜನ ಕುಳಿತು ಹೊಲಿದರೆ ಬಟ್ಟೆ ಒಂದೇ ಹದದಲ್ಲಿ ಕೂರುತ್ತದೆ. ಒಬ್ಬರೇ ಹೊಲಿದರೆ ಒಂದು ಕಡೆ ಎಳೆದುಕೊಂಡು ಬಿಡುತ್ತದೆ. ಒಬ್ಬಳೇ ಹೊಲಿಯಲು ಹೋಗಿ ನಾನೇ ಎರಡು ಕೆಡಿಸಿದ್ದೇನೆ.

ಹೋದ ವರ್ಷ ಶ್ರಾವಣದಲ್ಲಿ ಮಗಳು ಕುಬಸಕ್ಕೆ (ಸೀಮಂತಕ್ಕೆ) ಅಂತ ಬೆಂಗಳೂರಿನಿಂದ ಬಂದಿದ್ದಳು. ಹಸಿರು ಸೀರೆ, ಹಸಿರು ಬಳೆ, ಮನೆ ತುಂಬ ಜನ. ಅದಾಗಿ ನಾಲ್ಕೇ ದಿನಕ್ಕೆ ರಾತ್ರಿ ನೋವು ಶುರುವಾಯಿತು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಕೂಸು ಹುಟ್ಟಿದ್ದು 30 ವಾರಕ್ಕೆ. 37 ವಾರ ತುಂಬಬೇಕು ಅನ್ನುವುದೂ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನಮ್ಮ ಲೆಕ್ಕ ತಿಂಗಳದ್ದಲ್ವಾ. ತೂಕ 1240 ಗ್ರಾಂ. ಅಂಗಡಿಯಲ್ಲಿ ಕೆಜಿ ಸಕ್ಕರೆ ಕೈಗೆ ತೆಗೆದುಕೊಂಡಾಗೆಲ್ಲ ಈಗಲೂ ನನಗೆ ಅದೇ ನೆನಪು.

ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದ ಒಳಗೆ ತಾಯಿಗೆ ಮಾತ್ರ ಪ್ರವೇಶ. ಅಳಿಯನಿಗೆ ದಿನಕ್ಕೆ ಸ್ವಲ್ಪ ಹೊತ್ತು. ನನಗೆ ಹೊರಗಿನ ಬೆಂಚು. ಮೂರನೇ ದಿನ ಬುಧವಾರ ಇತ್ತು. ನನಗೆ ವಾರದ ಲೆಕ್ಕವೇ ತಪ್ಪಿತ್ತು. ಮಧ್ಯಾಹ್ನ ತಲೆ ಎತ್ತಿ ನೋಡಿದರೆ ದೊಡ್ಡವ್ವ, ವೈನಿ, ಟೀಚರ್ ಅಕ್ಕ ಮೂವರೂ ಎದುರಿಗೆ ನಿಂತಿದ್ದಾರೆ. ಚಿಗರಿ ಬಸ್ಸು ಹತ್ತಿ ಬಂದಿದ್ದರು. ವೈನಿಯ ಕೈಯಲ್ಲಿ ಊಟದ ಡಬ್ಬಿ, ದೊಡ್ಡವ್ವನ ಬಗಲಲ್ಲಿ ಒಂದು ಚೀಲ. ಹೇಗಾಯಿತು, ಯಾಕಾಯಿತು, ಡಾಕ್ಟರ್ ಏನಂದರು, ಒಂದನ್ನೂ ಕೇಳಲಿಲ್ಲ. ಅಷ್ಟರಲ್ಲಾಗಲೇ ನಾನು ಅದೇ ಕಥೆಯನ್ನು ನೂರು ಜನರಿಗೆ ಹೇಳಿ ಸುಸ್ತಾಗಿದ್ದೆ. "ಮಗಳು ಏನಾದರೂ ಭಾರ ಎತ್ತಿದ್ದಳೇನು?" ಅಂತ ಕೇಳಿದವರೂ ಇದ್ದರು. ದೊಡ್ಡವ್ವ ಬೆಂಚಿನ ಮೇಲೆ ಕುಳಿತು ಚೀಲ ಬಿಚ್ಚಿದರು. "ನೀ ಮಾತಾಡಬ್ಯಾಡ. ಸೂಜಿ ಹಿಡಿ" ಅಂದರು.

ಚೀಲದಲ್ಲಿ ಸಣ್ಣ ಕೌದಿಯ ಪದರ ಸಿದ್ಧ ಮಾಡಿಕೊಂಡು ತಂದಿದ್ದರು. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ. ಕೂಸಿಗೆ ಹೊದಿಸಲು ಅಲ್ಲ, ಕೆಳಗೆ ಹಾಸಲು. ಅಸ್ತರಕ್ಕೆ ದೊಡ್ಡವ್ವನ ಹಳೆ ಇಳಕಲ್ ಸೀರೆಯ ಒಡಲು. ತೊಳೆದು ತೊಳೆದು ಹಾಲಿನ ಕೆನೆಯಷ್ಟು ಮೆತ್ತಗಾಗಿತ್ತು. ಹುಟ್ಟಿದ ಕೂಸಿಗೆ ನಾವು ಹೊಸ ಬಟ್ಟೆ ಮುಟ್ಟಿಸುವುದಿಲ್ಲ, ಹಳೆಯದೇ ಬೇಕು. ನಡುವೆ ವೈನಿಯ ಮಾವನವರ ಧೋತರ. ಮೇಲಿನ ತುಂಡುಗಳು ಏಳೂ ಮನೆಯವು. ಯಾವ ತುಂಡು ಯಾರದು ಅಂತ ಒಂದೊಂದಾಗಿ ತೋರಿಸಿದರು. ಗುಳೇದಗುಡ್ಡದ ಹಸಿರು ಖಣ (ಕುಪ್ಪಸದ ಬಟ್ಟೆ) ಮಾತ್ರ ನಮ್ಮ ಮನೆಯದು, ಮಗಳ ಕುಬಸದ್ದು. ನಾನು ಆಸ್ಪತ್ರೆಯಲ್ಲಿದ್ದಾಗ ನಮ್ಮ ಮನೆಯವರಿಂದ ಕೇಳಿ ಇಸಕೊಂಡು, ಎರಡು ಸಲ ತೊಳೆದು ಗಂಜಿ ತೆಗೆದಿದ್ದರು.

ಆವತ್ತಿನಿಂದ ದಿನಾ ಯಾರಾದರೂ ಇಬ್ಬರು ಬಂದರು. ಧಾರವಾಡದಿಂದ ಹುಬ್ಬಳ್ಳಿ 20 ಕಿಲೋಮೀಟರ್. ಮನೆಗೆಲಸ ಮುಗಿಸಿ, ಬಸ್ಸು ಹಿಡಿದು ಬಂದು, ಸಂಜೆ ಅಡುಗೆ ಹೊತ್ತಿಗೆ ವಾಪಸ್. ಇಬ್ಬರು ಸಕ್ಕರೆ ಕಾಯಿಲೆಯವರು, ಒಬ್ಬರಿಗೆ ಮೊಣಕಾಲು ನೋವು. ಪಾಳಿ ಹಂಚಿಕೊಂಡಿದ್ದರು ಅಂತ ನನಗೆ ಗೊತ್ತಾಗಿದ್ದೇ ತಿಂಗಳಾದ ಮೇಲೆ. ಮಗಳಿಗೆ ಹಾಲು ಬರಲಿ ಅಂತ ಸಬ್ಬಸಿಗೆ ಪಲ್ಯ, ಅಂಟಿನ ಉಂಡಿ, ಬಿಸಿ ರೊಟ್ಟಿ. ಡಬ್ಬಿ ಖಾಲಿಯಾಗದೆ ಯಾರೂ ಏಳುತ್ತಿರಲಿಲ್ಲ. ಹಾಲು ಬರತೊಡಗಿತು, ಆದರೆ ಕೂಸಿಗೆ ಚೀಪಿ ನುಂಗಲು ಶಕ್ತಿ ಇರಲಿಲ್ಲ. 34 ವಾರದ ಹತ್ತಿರ ಬಂದ ಮೇಲೆ ಅದು ಬರುತ್ತದೆ ಅಂದರು ಸಿಸ್ಟರ್. ಅಲ್ಲಿಯವರೆಗೆ ಮೂಗಿನ ನಳಿಕೆಯಲ್ಲಿ, ಮೊದಲು ಒಂದು ಹೊತ್ತಿಗೆ ಎರಡು ಮಿಲಿ, ಆಮೇಲೆ ಐದು, ಆಮೇಲೆ ಎಂಟು. ಟೀಚರ್ ಅಕ್ಕ ಅದನ್ನು ದಿನಾ ಡೈರಿಯಲ್ಲಿ ಬರೆದಿಟ್ಟರು. ಆ ಡೈರಿ ಮೊನ್ನೆ ಉಡುಗೊರೆಯಾಗಿ ಕೊಟ್ಟರು. ನೋಡುತ್ತಾ ನೋಡುತ್ತಾ ಕಣ್ಣು ಮಂಜಾಗಿಬಿಟ್ಟಿತು.

17ನೇ ದಿನ ಹೇಳಲೇಬೇಕು. ಮಧ್ಯಾಹ್ನ ಮಗಳು ಒಳಗಿನಿಂದ ಓಡಿ ಬಂದಳು. "ಅವ್ವಾ, ಕೂಸು ಉಸಿರಾಡೋದು ನಿಲ್ಲಿಸ್ತು." ಸಿಸ್ಟರ್ ಅಂಗಾಲು ತಟ್ಟಿದ ಮೇಲೆ ಮತ್ತೆ ಉಸಿರು ಎಳೆದುಕೊಂಡಿತಂತೆ. ಬೇಗ ಹುಟ್ಟಿದ ಕೂಸುಗಳು ಹಾಗೆ ಉಸಿರಾಡುವುದನ್ನೇ ಮರೆಯುತ್ತವೆ, ಅದಕ್ಕೆ ಕೆಫೀನ್ ಕೊಡುತ್ತಿದ್ದೇವೆ, ಹೆದರಬೇಡಿ ಅಂತ ಡಾಕ್ಟರ್ ಹೇಳಿದರು. ಕಾಫಿಯಲ್ಲಿ ಇರುತ್ತದಲ್ಲ, ಅದೇ ಕೆಫೀನ್. ಹೆದರಬೇಡಿ ಅಂದರೆ ಹೆದರಿಕೆ ಹೋಗುತ್ತದೆಯೇ? ನಮ್ಮ ಏಳು ಜನರಲ್ಲಿ ಒಬ್ಬಳಾದ ಹಳಿಯಾಳದ ತಂಗಿ ಪಕ್ಕದಲ್ಲಿದ್ದಳು. ನನ್ನ ಕೈಯಿಂದ ಸೂಜಿ ಕಿತ್ತುಕೊಳ್ಳಲಿಲ್ಲ. "ಹೊಲೀರಿ ಅಕ್ಕಾ, ನಾನೂ ಹೊಲೀತೀನಿ" ಅಂತ ನನ್ನ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಹಿಡಿದಳು. ನನ್ನ ಹೊಲಿಗೆ ಹಾವು ಹರಿದಂತೆ ಹೋಯಿತು. ದಾರ ಎಳೆದು ಬಟ್ಟೆ ಮುದುಡಿತು. ಮರುದಿನ ದೊಡ್ಡವ್ವ ನೋಡಿದರು. ನಮ್ಮ ಹೊಲಿಗೆ ಒಂದು ನೂಲು ಆಚೀಚೆ ಆದರೂ ಬಿಚ್ಚಿಸುವ ಹೆಂಗಸು ಅವರು. ಆ ಸಾಲಿನ ಮೇಲೆ ಬೆರಳು ಆಡಿಸಿ, "ಇರ್ಲಿ ಬಿಡು" ಅಂದರು ಅಷ್ಟೇ. ಆ ಸಾಲು ಈಗಲೂ ಸೊಟ್ಟಗೇ ಇದೆ. ಅದರ ಪಕ್ಕದಲ್ಲಿ ತಂಗಿ ಹಾಕಿದ ಸಾಲು ಗೆರೆ ಎಳೆದಂತೆ ನೇರ.

ಈ ತಂಗಿ ಸಿದ್ದಿ ಜನಾಂಗದವಳು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಈಗ ದೂರದೂರಕ್ಕೂ ಹೆಸರಾಗಿದೆ. ಅವರು ಒಂದು ಮೂಲೆಯಿಂದ ಶುರು ಮಾಡಿ ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ತ್ರಿಕೋನ ಮಾಡಿ ಹೂವಿನ ಹಾಗೆ ಕೂರಿಸುತ್ತಾರೆ, ಅದಕ್ಕೆ ಫೂಲಾ ಅನ್ನುತ್ತಾರೆ. ಅದು ಇಲ್ಲದ ಕೌದಿ ಬತ್ತಲೆ ಇದ್ದಂತೆ ಅಂತ ತಂಗಿಯ ಮಾತು. ನಮ್ಮ ಕೌದಿಗೂ ನಾಲ್ಕು ಫೂಲಾ ಕೂರಿಸಿದ್ದಾಳೆ, ಕೆಂಪು, ಹಳದಿ, ನೀಲಿ, ಮತ್ತೆ ಕೆಂಪು. ಮೊಮ್ಮಗಳು ಎದೆಯ ಮೇಲೆ ತೆವಳಲು ಕಲಿತಿದ್ದೇ ಆ ಹಳದಿ ಫೂಲಾ ಹಿಡಿಯಲಿಕ್ಕೆ.

ಕೂಸು ಸ್ವಲ್ಪ ಗಟ್ಟಿಯಾದ ಮೇಲೆ ಮಗಳ ಎದೆಗೆ ಕಟ್ಟಲು ಶುರು ಮಾಡಿದರು. ಕಾಂಗರೂ ಆರೈಕೆ ಅನ್ನುತ್ತಾರೆ. ಬಟ್ಟೆ ಇಲ್ಲದೆ, ಚರ್ಮಕ್ಕೆ ಚರ್ಮ ತಾಗಿಸಿ, ಗಂಟೆಗಟ್ಟಲೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ಡಾಕ್ಟರ್ ಇದನ್ನು ಶುರು ಮಾಡಿದರಂತೆ, ಎಲ್ಲ ಕೂಸುಗಳಿಗೆ ಸಾಕಾಗುವಷ್ಟು ಗಾಜಿನ ಪೆಟ್ಟಿಗೆ (ಕೂಸನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್) ಇಲ್ಲದ ಕಾರಣಕ್ಕೆ. ಸಿಸ್ಟರ್ ಹೇಳಿದ್ದನ್ನು ನಾನು ಬೆಂಚಿಗೆ ಬಂದು ಹೇಳಿದೆ. "ತಾಯಿ ಮೈ ಶಾಖಕ್ಕಿಂತ ದೊಡ್ಡ ಕೌದಿ ಯಾವುದೈತಿ" ಅಂದರು ದೊಡ್ಡವ್ವ. ಆ ಸಿಸ್ಟರ್‌ಗಳಿಗೂ ಕೈ ಮುಗಿಯುತ್ತೇನೆ. ರಾತ್ರಿ ಪಾಳಿಯಲ್ಲಿ ಒಂದೊಂದು ಕೂಸಿನ ಎದುರೂ ನಿಂತು ಉಸಿರು ಎಣಿಸಿದವರು ಅವರು.

35ನೇ ದಿನದ ಹೊತ್ತಿಗೆ ಕೌದಿ ಹೆಚ್ಚುಕಡಿಮೆ ಮುಗಿದಿತ್ತು. ಸಣ್ಣದು, ಅಷ್ಟು ಜನರ ಕೈ. ನಡುವೆ ಅಂಗೈಯಷ್ಟು ಜಾಗ ಮಾತ್ರ ಉಳಿದಿತ್ತು, ಖಣದ ತುಂಡು ಕೂರಿಸುವಷ್ಟು. ಅದೇ ಕೌದಿಯ ಹೊಟ್ಟೆ. ಅದನ್ನು ಖಾಲಿ ಮುಚ್ಚಬಾರದು. ಒಳಗೆ ಹೋಳಿಗೆಯದೋ ರೊಟ್ಟಿಯದೋ ಒಂದು ಚೂರು ಇಟ್ಟು, ಹೊಟ್ಟೆ ತುಂಬಿಸಿ ಹೊಲಿಯಬೇಕು. ಅದರ ಮೇಲೆ ಮಲಗುವವರಿಗೆ ಅನ್ನಕ್ಕೆ ಕಡಿಮೆಯಾಗದಿರಲಿ ಅಂತ. ನಾನು ಕತ್ತರಿ ತೆಗೆದುಕೊಂಡು, ಮುಗಿಸಿಬಿಡೋಣವೇ ಅಂದೆ. ದೊಡ್ಡವ್ವ ಕೌದಿ ಮಡಚಿ ಚೀಲಕ್ಕೆ ಹಾಕಿಕೊಂಡರು. "ಕೂಸು ಮನಿಗೆ ಬರೂತನಕಾ ಹೊಟ್ಟಿ ಮುಚ್ಚೂದು ಬ್ಯಾಡ."

ಕೂಸು ಮನೆಗೆ ಬಂದೇ ಬರುತ್ತದೆ ಅಂತ ಅಷ್ಟು ದಿನದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಡಾಕ್ಟರ್ ಹೇಳುವಂತಿರಲಿಲ್ಲ, ನಾನು ಕೇಳುವಂತಿರಲಿಲ್ಲ. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಇನ್ನೂ 11 ದಿನ ಬೆಂಚಿನ ಮೇಲೆ ಕುಳಿತೆ.

46ನೇ ದಿನ ಕಳಿಸಿದರು. ತೂಕ 1910 ಗ್ರಾಂ. ಕಣ್ಣಿನ ಪರೀಕ್ಷೆ ಆಗಿತ್ತು, ಕಿವಿಯದೂ. ಮಹಾನವಮಿಗೆ ಇನ್ನು ಕೆಲವೇ ದಿನ. ಓಣಿಯಲ್ಲಿ ಎಲ್ಲರ ಮನೆಯ ಹಾಸಿಗೆ ಹೊದಿಕೆ ತೊಳೆದು ಒಣಹಾಕಿದ್ದರು. ನಮ್ಮ ಮನೆಯವೂ ತೊಳೆದು ಒಣಗಿ, ಮಡಚಿ ಇಟ್ಟಿದ್ದವು. ಯಾರು ತೊಳೆದಿದ್ದರು ಅಂತ ಇವತ್ತಿಗೂ ಒಬ್ಬರೂ ಒಪ್ಪಿಕೊಂಡಿಲ್ಲ.

ಕೂಸಿಗೆ ಸೋಂಕು ತಗುಲಬಾರದು ಅಂತ ಅವರಾರೂ ಒಳಗೆ ಬರಲಿಲ್ಲ. ಆರೂ ಜನ ಕಟ್ಟೆಯ ಮೇಲೆ ಕುಳಿತರು. ನಾನು ಒಂದೇ ಒಂದು ಹೋಳಿಗೆ ಮಾಡಿ ತಂದೆ. ದೊಡ್ಡವ್ವ ಉಗುರಿನಷ್ಟು ಚೂರು ಮುರಿದು, ನಾಲ್ಕು ಜೋಳದ ಕಾಳು ಸೇರಿಸಿ, ನಡುವೆ ಇಟ್ಟು, ಮೇಲೆ ಹಸಿರು ಖಣ ಮುಚ್ಚಿದರು. ಕೊನೆಯ ಹೊಲಿಗೆಗೆ ಸೂಜಿ ಮಗಳ ಕೈಗೆ ಕೊಟ್ಟರು. ಅವಳಿಗೆ ಹೊಲಿಗೆ ಬರುವುದಿಲ್ಲ. ಬಾಗಿಲ ಹೊಸ್ತಿಲಲ್ಲಿ ಕುಳಿತು, ಕೈ ನಡುಗುತ್ತಾ, ಖಣದ ನಾಲ್ಕೂ ಬದಿ ಹೊಲಿದು ಗಂಟು ಹಾಕಿದಳು. ವೈನಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಉಳಿದ ಹೋಳಿಗೆಯನ್ನು ಎಂಟು ಪಾಲು ಮಾಡಿ ತಿಂದೆವು.

ದೊಡ್ಡವ್ವಾ, ವೈನಿ, ಟೀಚರ್ ಅಕ್ಕ, ಹಳಿಯಾಳದ ತಂಗಿ, ಲೈನ್ ಬಜಾರಿನ ಅಕ್ಕ, ಸಪ್ತಾಪುರದ ಕಾಕು, ನಿಮ್ಮ ಋಣ ದೊಡ್ಡದು. ನಾನು ಬಾಯಿಬಿಟ್ಟು ಕೇಳದೇ ಬಂದಿರಿ. ನನ್ನ ಸಿಟ್ಟು, ನನ್ನ ಅಳು ಎಲ್ಲ ಸಹಿಸಿದಿರಿ. ನನ್ನ ಮಗಳನ್ನು ನಿಮ್ಮ ಮಗಳಂತೆ ಬಾಣಂತನ ಮಾಡಿದಿರಿ.

ಇನ್ನೊಬ್ಬರಿಗೆ ಹೇಳುವುದಿದೆ, ಅವರ ಹೆಸರೂ ನನಗೆ ಗೊತ್ತಿಲ್ಲ. ಸವದತ್ತಿಯ ಕಡೆಯ ಅಜ್ಜಿ. ಅವರ ಮೊಮ್ಮಗನೂ ಒಳಗಿದ್ದ. ಎರಡು ದಿನ ಅದೇ ಬೆಂಚಿನ ತುದಿಯಲ್ಲಿ ಕುಳಿತು ನಮ್ಮನ್ನೇ ನೋಡುತ್ತಿದ್ದರು. ಮೂರನೇ ದಿನ "ನಾನೂ ಒಂದೀಟು ಹಾಕ್ಲೇನವಾ" ಅಂತ ಕೇಳಿದರು. ಬಿಳಿ ದಾರ ಮುಗಿದಿತ್ತು, ಚೀಲದಲ್ಲಿದ್ದ ಕೆಂಪು ದಾರ ಕೊಟ್ಟೆವು. ಎರಡು ಸಾಲು ಹಾಕಿದರು. ಎಷ್ಟು ಸಣ್ಣ ಹೊಲಿಗೆ ಅಂದರೆ ಅಕ್ಕಿ ಕಾಳು ಜೋಡಿಸಿಟ್ಟ ಹಾಗೆ. ಮರುದಿನ ನಾನು ಬರುವಷ್ಟರಲ್ಲಿ ಮೊಮ್ಮಗನನ್ನು ಕರೆದುಕೊಂಡು ಊರಿಗೆ ಹೋಗಿದ್ದರು. ಅಜ್ಜೀ, ಯಾರಾದರೂ ಇದನ್ನು ನಿಮಗೆ ಓದಿ ಹೇಳಿದರೆ ಗೊತ್ತಾಗಲಿ, ನಮ್ಮ ಕೂಸು ಚೆನ್ನಾಗಿದೆ. ಈಗ 8 ಕೆಜಿ ತೂಕ, ಗೋಡೆ ಹಿಡಿದು ನಿಲ್ಲುತ್ತದೆ. ನಿಮ್ಮ ಕೆಂಪು ಸಾಲು ಕೌದಿಯ ಎಡಗಡೆ, ಹಳದಿ ಫೂಲಾದ ಪಕ್ಕದಲ್ಲಿದೆ. ನಿಮ್ಮ ಮೊಮ್ಮಗನೂ ನಿಂತಿರಬೇಕು ಈಗ, ಅಲ್ವಾ?