ಹೊರರಾಜ್ಯಕ್ಕೂ ತಲುಪಲಿ ಚನ್ನಪಟ್ಟಣದ ಬೊಂಬೆ

ಮಾನ್ಯ ಸಂಪಾದಕರೇ,

ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ನಮ್ಮಂಥ ಸಣ್ಣ ಘಟಕಗಳು ಆನ್‌ಲೈನ್ ಅಂಗಡಿ ತೆರೆಯಲು ಹೊರಟಾಗ ಎದುರಾಗುವ ದೊಡ್ಡ ತೊಡಕು ತಂತ್ರಜ್ಞಾನದ್ದಲ್ಲ, ತೆರಿಗೆ ನಿಯಮದ್ದು. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ಸರಕು ವ್ಯಾಪಾರಿಗಳು ಜಿಎಸ್‌ಟಿ ನೋಂದಣಿಯಿಲ್ಲದೆ, ದಾಖಲಾತಿ ಸಂಖ್ಯೆಯೊಂದನ್ನು ಮಾತ್ರ ಪಡೆದು, ಇ-ಕಾಮರ್ಸ್ ವೇದಿಕೆಗಳಲ್ಲಿ ಮಾರಬಹುದೆಂಬ ವಿನಾಯಿತಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದರೂ, ಅದು ರಾಜ್ಯದೊಳಗಿನ ಮಾರಾಟಕ್ಕಷ್ಟೇ ಸೀಮಿತವಾಯಿತು. ಬೆಂಗಳೂರಿಗೆ ಕಳುಹಿಸಬಹುದಾದ ಬುಗುರಿಯನ್ನು ಗಡಿಯಾಚೆಗಿನ ಹೊಸೂರಿಗೆ ಅದೇ ವೇದಿಕೆಯ ಮೂಲಕ ಮಾರಬೇಕಾದರೆ ನೋಂದಣಿ ಮಾಡಿಸಿ, ತಪ್ಪದೆ ರಿಟರ್ನ್ಸ್ ಸಲ್ಲಿಸಬೇಕು. ತಿಂಗಳಿಗೆ ಹತ್ತಿಪ್ಪತ್ತು ಬೊಂಬೆ ಮಾರುವವರ ಲಾಭವನ್ನು ಈ ಲೆಕ್ಕಪತ್ರದ ಖರ್ಚೇ ನುಂಗುತ್ತದೆ.

ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯಗೊಳಿಸಿದ ಗುಣಮಟ್ಟ ನಿಯಂತ್ರಣ ಆದೇಶದಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಕೆಯ (ಒಂದು ಊರಿನ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಜಿಐ ಮಾನ್ಯತೆ) ಅಧಿಕೃತ ಬಳಕೆದಾರರಿಗೂ ವಿನಾಯಿತಿ ಕೊಟ್ಟ ಕೇಂದ್ರ ಸರ್ಕಾರ, ಇವರಿಗೆ ಅಂತರರಾಜ್ಯ ಆನ್‌ಲೈನ್ ಮಾರಾಟದಲ್ಲಿಯೂ ಅದೇ ಕಾಳಜಿ ತೋರುವುದು ನ್ಯಾಯ. ಜೊತೆಗೆ ಜಿಲ್ಲಾ ಕೈಗಾರಿಕಾ ಕೇಂದ್ರವು ಛಾಯಾಚಿತ್ರ ತೆಗೆಯುವುದು (ಅರಗಿನ ಹೊಳಪಿನಿಂದಾಗಿ ಬಣ್ಣ ಸರಿಯಾಗಿ ಮೂಡುವುದೇ ಇಲ್ಲ), ಅಂಚೆ ವೆಚ್ಚ ಸೇರಿಸಿ ಬೆಲೆ ನಿಗದಿಪಡಿಸುವುದು, ಮರಳಿ ಬಂದ ಸರಕನ್ನು ನಿಭಾಯಿಸುವುದು ಇವನ್ನೆಲ್ಲ ಕುಶಲಕರ್ಮಿಗಳಿಗೆ ಕನ್ನಡದಲ್ಲೇ ಕಲಿಸಬೇಕೆಂದು ಕೋರುತ್ತೇನೆ.

– ಬೊಂಬೆ ತಯಾರಕರು, ಚನ್ನಪಟ್ಟಣ