ಭುಜ ಸರಿಹೋಯಿತು, ಥ್ಯಾಂಕ್ಸ್ ಬಾಕಿ ಇತ್ತು

ಮೊನ್ನೆಯ ಪೋಲ್ ಡಾನ್ಸ್ ಕ್ಲಾಸಿನಲ್ಲಿ ಇನ್ವರ್ಟ್ ಬಂತು. ನೆಲದಿಂದಲೇ, ಜಿಗಿಯದೆ, ಕಂಬ ಹಿಡಿದು ಮೆಲ್ಲಗೆ ತಲೆಕೆಳಗಾದೆ. ವಿಡಿಯೋ ನೋಡಿ ಮೆಸೇಜ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯೋಣ ಅಂದುಕೊಂಡಿದ್ದೆ, ಆಗಲಿಲ್ಲ. ಅದಕ್ಕೇ ಇದು ಎಲ್ಲರಿಗೂ ಸೇರಿಸಿ. ಬಲಭುಜಕ್ಕೆ ಏಟು ಹೇಗಾಯಿತು, ಸ್ಕ್ಯಾನಿನಲ್ಲಿ ಏನಿತ್ತು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನೇ ಮತ್ತೆ ಹೇಳಿ ತಲೆ ತಿನ್ನುವುದಿಲ್ಲ.

ಗಾಡಿಯಲ್ಲಿ ಕರೆದುಕೊಂಡು ಹೋಗಿ ಬಂದವರು, ಬ್ಯಾಗ್ ಹೊತ್ತವರು, ಜಡೆ ಹೆಣೆದುಕೊಟ್ಟವರು, ಕೆಲಸದಲ್ಲಿ ನನ್ನ ಪಾಲಿನ ಟೈಪಿಂಗ್ ಮಾಡಿದವರು, ಬೇಜಾರಾದಾಗ ಸುಮ್ನೆ ಫೋನ್ ಮಾಡಿ ಹರಟಿದವರು, ಎಲ್ಲರಿಗೂ ದೊಡ್ಡ ಥ್ಯಾಂಕ್ಸ್.

ಫಿಸಿಯೋ ಮೇಡಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 'ಪೋಲ್ ಡಾನ್ಸಾ? ಮೊದಲು ಅದನ್ನು ಬಿಡಿ' ಅಂತ ಅವರು ಅನ್ನಲಿಲ್ಲ. ನನ್ನ ಹಳೆಯ ವಿಡಿಯೋಗಳನ್ನು ಕೇಳಿ ಪಡೆದು, ನಿಲ್ಲಿಸಿ ನಿಲ್ಲಿಸಿ ನೋಡಿದರು. 'ಎಳೆಯೋ ಶಕ್ತಿ ನಿಮಗೆ ಬೇಕಾದಷ್ಟಿದೆ. ತಳ್ಳೋದು, ತೋಳನ್ನ ಹೊರಕ್ಕೆ ತಿರುಗಿಸೋದು, ಎರಡೂ ಕಮ್ಮಿ' ಅಂದರು. ಕಂಬದ ಮೇಲೆ ನಾವು ಮಾಡುವುದು ಹೆಚ್ಚಾಗಿ ಎಳೆಯುವುದೇ ಅಲ್ವಾ. ಭುಜದ ಗುಂಡು ಕೂರುವ ಕುಳಿ ಅಷ್ಟೇನೂ ಆಳವಿಲ್ಲ. ಗುಂಡನ್ನು ಅದರ ಜಾಗದಲ್ಲಿ ಹಿಡಿದಿಡುವುದು ರೊಟೇಟರ್ ಕಫ್‌ನ ನಾಲ್ಕು ಸ್ನಾಯುಗಳ ಕೆಲಸ. ಅವು ಕನ್ನಡಿಯಲ್ಲಿ ಎದ್ದು ಕಾಣುವುದಿಲ್ಲ, ಯಾರೂ ಹೊಗಳುವುದೂ ಇಲ್ಲ.

ಮೇಜಿಗೆ ಒಂದು ಕೈ ಊರಿ, ನೋಯುವ ಕೈಯನ್ನು ಜೋತುಬಿಟ್ಟು ತೂಗುವುದರಿಂದ ಶುರು ಮಾಡಿಸಿದರು. ಆಮೇಲೆ ಗೋಡೆ ತಳ್ಳುವುದು. ಆಮೇಲೆ ಮೊಣಕೈಗೂ ಪಕ್ಕೆಗೂ ಮಧ್ಯೆ ಟವೆಲ್ ಸುರುಳಿ ಇಟ್ಟುಕೊಂಡು ರಬ್ಬರ್ ಬ್ಯಾಂಡನ್ನು ಹೊರಕ್ಕೆ ಎಳೆಯುವುದು. ಇಷ್ಟು ಬೋರ್ ಹೊಡೆಸುವ ವ್ಯಾಯಾಮ ಇನ್ನೊಂದಿರಲಿಕ್ಕಿಲ್ಲ. ಇವತ್ತಿಗೂ ಬಿಟ್ಟಿಲ್ಲ. ಚೆನ್ನಾಗಿರುವ ಎಡಗೈಯ ಕಸರತ್ತನ್ನೂ ನಿಲ್ಲಿಸಬೇಡಿ ಅಂದಿದ್ದರು. ಒಂದು ಕೈಗೆ ಕೆಲಸ ಕೊಟ್ಟರೆ ಇನ್ನೊಂದರ ಶಕ್ತಿಯೂ ಸ್ವಲ್ಪ ಮಟ್ಟಿಗೆ ಉಳಿಯುತ್ತದಂತೆ, ನರಗಳ ಮೂಲಕ. ಮೊದಲು ನಂಬಿರಲಿಲ್ಲ, ಈಗ ನಂಬುತ್ತೇನೆ.

ಟೀಚರ್‌ಗೂ ಥ್ಯಾಂಕ್ಸ್. ನನ್ನ ಪಟ್ಟಿಯಿಂದ ಟ್ವಿಸ್ಟೆಡ್ ಗ್ರಿಪ್ ಅನ್ನು ಒಂದೇ ಮಾತಿಗೆ ತೆಗೆದುಹಾಕಿದರು. ಕೈ ತಲೆಯ ಮೇಲೆ, ತೋಳು ಒಳಕ್ಕೆ ತಿರುಚಿಕೊಂಡಿರುತ್ತದೆ, ಆ ಸ್ಥಿತಿಯಲ್ಲಿ ಮೈಭಾರ ಬೇರೆ. ಫೋಟೋಗೆ ಚೆಂದ, ಭುಜಕ್ಕೆ ಅಲ್ಲ. ಜಗಳಕ್ಕೆ ಬರುವವರು ಬರಬಹುದು.

ಇನ್ನು ನನ್ನ ಜೋಡಿ.

ಡಬಲ್ಸ್, ಅಂದರೆ ಒಂದೇ ಕಂಬದ ಮೇಲೆ ಇಬ್ಬರು ಸೇರಿ, ಮಾಡುವವರಿಗೆ ಗೊತ್ತು, ಒಬ್ಬಳ ಭುಜ ಹೋದರೆ ಇಬ್ಬರ ಶೋ ಹೋಗುತ್ತದೆ. ಅವಳೂ ನನ್ನಷ್ಟೇ ಬೆವರು ಸುರಿಸಿದ್ದಳು. ಸ್ಲಿಂಗ್ ಹಾಕಿಕೊಂಡು ನಿಂತ ನನ್ನನ್ನು ನೋಡಿ ಅವಳು ಅಂದ ಮೊದಲ ಮಾತು, 'ನಂಗೆ ಎಷ್ಟು ಹೊಟ್ಟೆ ಉರೀತಿದೆ ಗೊತ್ತೇನೇ?' ಆ ದಿನ ಬೇರೆಯವರೆಲ್ಲ ನನ್ನೊಂದಿಗೆ ತುಂಬಾ ನಯವಾಗಿ ಮಾತಾಡುತ್ತಿದ್ದರು. ಇವಳೊಬ್ಬಳು ಎಂದಿನಂತೆಯೇ ಇದ್ದಳು. ಅದು ಎಷ್ಟು ಹಿತವಾಗಿತ್ತು ಅಂತ ಅವಳಿಗೆ ಇವತ್ತಿಗೂ ಹೇಳಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

ಭುಜದ ನೋವಿಗೆ ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಬೇರೆಯೇ ಕತೆ. ಅಂಗಾತ ಮಲಗಿದರೆ ತೋಳು ಹಿಂದಕ್ಕೆ ಬಿದ್ದು ಎಳೆಯುತ್ತದೆ. ಆ ಮಗ್ಗುಲಿಗೆ ಹೊರಳುವ ಹಾಗೇ ಇಲ್ಲ. ಈ ಮಗ್ಗುಲಿಗೆ ಹೊರಳಿದರೆ ನೋಯುವ ಕೈ ಎದೆಯ ಮೇಲಿಂದ ಮುಂದಕ್ಕೆ ಜಾರುತ್ತದೆ. ಅಂಥ ಒಂದು ಕೆಟ್ಟ ರಾತ್ರಿ, ನಡುರಾತ್ರಿ ದಾಟಿದ ಮೇಲೆ, ನಾನು ಬಚ್ಚಲಲ್ಲಿ ಬೆವರಿದ ಟೀ ಶರ್ಟ್ ಬಿಚ್ಚಲು ಹೋಗಿ ಅದರೊಳಗೇ ಸಿಕ್ಕಿಹಾಕಿಕೊಂಡೆ. ಕೈ ಮೇಲೂ ಹೋಗುತ್ತಿಲ್ಲ, ಕೆಳಗೂ ಬರುತ್ತಿಲ್ಲ. ಮುಖದ ಮೇಲೆ ಬಟ್ಟೆ. ಅಲ್ಲೇ ನಿಂತು ಜೋರಾಗಿ ಅತ್ತೆ.

ಹಜಾರದಲ್ಲಿ ಮಲಗಿದ್ದ ನನ್ನ ಜೋಡಿ ಎದ್ದು ಬಂದಳು. ಏನೂ ಕೇಳಲಿಲ್ಲ. ಚೆನ್ನಾಗಿರುವ ಕೈ ಮೊದಲು ಬಿಡಿಸಿ, ತಲೆ ದಾಟಿಸಿ, ನೋಯುವ ಕೈಯಿಂದ ಕೊನೆಗೆ ಬಟ್ಟೆ ಜಾರಿಸಿದಳು. ಹಾಕಿಸುವಾಗ ತಿರುವುಮುರುವು, ನೋಯುವ ಕೈ ಮೊದಲು. ಇದನ್ನು ಎಲ್ಲಿ ಕಲಿತಿದ್ದಳೋ. ಆಮೇಲೆ ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ತಂದು ಬೆನ್ನಿಗೆ ಒಟ್ಟಿ ನನ್ನನ್ನು ಅರ್ಧ ಕೂರಿಸಿದಳು. ತೋಳು ಹಿಂದಕ್ಕೆ ಬೀಳದ ಹಾಗೆ ಮೊಣಕೈ ಕೆಳಗೆ ಇನ್ನೊಂದು ದಿಂಬು.

'ಕಂಬ ಮಾರಿಬಿಡ್ತೀನಿ ಕಣೇ' ಅಂದೆ.

'ಮಾರು. ಬೆಳಿಗ್ಗೆ ನಾನೇ ಫೋಟೋ ತೆಗೆದು ಹಾಕ್ತೀನಿ. ಈಗ ಕಣ್ಣು ಮುಚ್ಚು.'

'ಎಲ್ಲ ಸರಿಹೋಗುತ್ತೆ' ಅಂತ ಅವಳು ಹೇಳಿದ್ದರೆ ನಾನು ಕೂಗಾಡುತ್ತಿದ್ದೆನೇನೋ. ಸರಿಹೋಗುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ, ಗೊತ್ತಿರುವ ಹಾಗೆ ನಟಿಸಲೂ ಇಲ್ಲ. ಬೆಳಗಿನ ತನಕ ಪಕ್ಕದಲ್ಲಿ ಕೂತಿದ್ದಳು. ದಿಂಬು ಜಾರಿದಾಗಲೆಲ್ಲ ಸರಿಮಾಡಿದಳು. ಅಷ್ಟೇ ಅವಳು ಮಾಡಿದ್ದು. ಅಷ್ಟನ್ನು ಬೇರೆ ಯಾರಿಂದಲೂ ಮಾಡಲು ಆಗುತ್ತಿರಲಿಲ್ಲ ಅನ್ನಿಸುತ್ತದೆ.

ಆ ದಿನಗಳಲ್ಲಿ ನಿಮ್ಮಲ್ಲಿ ಅರ್ಧ ಜನರ ವಿಡಿಯೋಗಳನ್ನು ನಾನು ಮ್ಯೂಟ್ ಮಾಡಿದ್ದೆ. ನಮ್ಮ ಬ್ಯಾಚಿನ ಒಬ್ಬಳಿಗೆ ಕಂಬ ಹಿಡಿದು ಕಾಲನ್ನು ಮೇಲಕ್ಕೆ ಚಿಮ್ಮಿಸುವ ಹ್ಯಾಂಡ್‌ಸ್ಪ್ರಿಂಗ್ ಬಂದ ದಿನ ಚಪ್ಪಾಳೆ ಇಮೋಜಿ ಹಾಕಿದೆ, ಆಮೇಲೆ ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಕೈಯ ನೋವಿಗೆ ಮಾತ್ರೆ ಇತ್ತು, ಇದಕ್ಕೆ ಇರಲಿಲ್ಲ. ಇದನ್ನೂ ಜೋಡಿಗೆ ಮಾತ್ರ ಹೇಳಿದ್ದೆ. 'ನನಗೂ ಹಂಗೇ ಅನ್ಸತ್ತೆ, ನನ್ನ ಭುಜ ಚೆನ್ನಾಗೇ ಇದೆ' ಅಂತ ನಕ್ಕಳು. ಹ್ಯಾಂಡ್‌ಸ್ಪ್ರಿಂಗ್ ಹುಡುಗಿ, ನೀನು ಓದುತ್ತಿದ್ದರೆ, ಆ ಚಪ್ಪಾಳೆ ಈಗ ನಿಜವಾದದ್ದು.

ಈಗ ಡಬಲ್ಸ್‌ನಲ್ಲಿ ಜಾಗ ಬದಲಾಗಿದೆ. ಮೊದಲು ನಾನು ಬೇಸ್, ಅವಳು ಫ್ಲೈಯರ್. ಈಗ ಭಾರ ಹೊರುವುದು ಅವಳು. ನನಗೆ ಹೊರಿಸಿಕೊಂಡು ಅಭ್ಯಾಸವಿಲ್ಲ, ಮೈ ಬಿಗಿಯಾಗುತ್ತದೆ, ಅವಳು ಬೈಯುತ್ತಾಳೆ. ಪೂರ್ತಿ ತೂಕವನ್ನು ಬಲಗೈ ಮೇಲೆ ಬಿಡುವ ಸ್ಪಿನ್‌ಗಳು ಇನ್ನೂ ಇಲ್ಲ. ಎಡಗಡೆಯ ಇನ್ವರ್ಟ್ ಬಲಗಡೆಯದ್ದಕ್ಕಿಂತ ಚೆನ್ನಾಗಿದೆ, ಇದಂತೂ ಯಾರೂ ಊಹಿಸಿರಲಿಲ್ಲ.

ಬುಧವಾರ ಸಂಜೆಯ ಪ್ರಾಕ್ಟೀಸಿಗೆ ಬರುತ್ತೇನೆ. 'ಭುಜ ಹೇಗಿದೆ' ಅಂತ ಎಲ್ಲರೂ ಸಾಲಾಗಿ ಬಂದು ಕೇಳಬೇಡಿ. ಬಿದ್ದರೆ ಏಟಾಗದಿರಲಿ ಅಂತ ಹಾಸುವ ಕ್ರ್ಯಾಶ್ ಮ್ಯಾಟ್ ಎಳೆಯಲು ಇನ್ನೊಂದು ಜೊತೆ ಕೈ ಬೇಕಾಗುತ್ತದೆ, ಅದಕ್ಕೆ ಬನ್ನಿ.